ಬಾಡಿಗೆ ಕಾರಿನ ರಿವರ್ಸು

ಚಳಿಗಾಲ ಹೊಸ್ತಿಲಿಗೆ ಬಂದಿತ್ತು. ಒಣಹುಲ್ಲನ್ನು ಕೊಟ್ಟಿಗೆಯ ಅಟ್ಟಕ್ಕೆ ಏರಿಸುವ ಕೆಲಸ ವಾರದಿಂದ ನಡೆದಿತ್ತು. ಗಂಡ ಕೆಳಗಿನಿಂದ ಕಟ್ಟುಗಳನ್ನು ಎತ್ತಿ ಕೊಡುತ್ತಿದ್ದ. ಹೆಂಡತಿ ಮೇಲೆ ನಿಂತು ತುಳಿದು ಒಟ್ಟುತ್ತಿದ್ದಳು. ಬಿಡುವಿದ್ದದ್ದು ಬಾಯಿಗೆ ಮಾತ್ರ. ಹಾಗಾಗಿ ಪಂದ್ಯ ಹುಟ್ಟಿತು.

ಎದುರು ಬೆಟ್ಟದ ನೆತ್ತಿಯಲ್ಲಿದ್ದ ಹಳೇ ಕೋಟೆಯೂರನ್ನು ಇಬ್ಬರೂ ಹೊಲದ ಬದುವಿನಿಂದ ನೋಡಿದ್ದೇ ಹೊರತು ಹತ್ತಿರದಿಂದ ಕಂಡಿರಲಿಲ್ಲ. ಕಾರು ಬಾಡಿಗೆಗೆ ತಂದು ಹೋಗಿ ಬರೋಣವೆಂದಾಯಿತು. ಓಡಿಸುವುದು ಯಾರು? ಅವಳು ಡೈರಿಯ ಹಾಲಿನ ವ್ಯಾನು ಓಡಿಸುವವಳು. ಅವನದು ಹುಡುಗಾಟದ ವಯಸ್ಸಿನಿಂದಲೂ ಟ್ರ್ಯಾಕ್ಟರು.

“ಹೋಗ್ತಾ ಬರ್ತಾ ನಾನೇ ಓಡಿಸ್ತೀನಿ,” ಎಂದ. “ಸ್ಟೇರಿಂಗು ನಿನ್ನ ಕೈಗೆ ಕೊಟ್ರೆ ಈ ಚಳಿಗಾಲ ಪೂರ್ತಿ ಬೆಳಗಿನ ಹಾಲು ನಾನೇ ಕರೀತೀನಿ.”

“ಕೊಡದಿದ್ರೆ?”

“ನೀನು ಕರಿ.”

ಚಳಿಯ ಮುಂಜಾವಿನಲ್ಲಿ ಆ ಕೊಟ್ಟಿಗೆಗೆ ಕಾಲಿಟ್ಟರೆ ಬೆರಳು ಮರಗಟ್ಟುತ್ತಿದ್ದವು. ಕಂಬಳಿಯೊಳಗಿನ ಆ ಕೊನೆಯ ನಿದ್ದೆಗೆ ಇಬ್ಬರೂ ಆಸೆಬುರುಕರು.

ಬೆಟ್ಟ ಹತ್ತುವಾಗ ತೊಂದರೆಯೇನೂ ಆಗಲಿಲ್ಲ. ಊರಬಾಗಿಲಲ್ಲಿ, ಕಾರು ಹೊರಗೇ ನಿಲ್ಲಿಸಿ ಎಂಬ ಬೋರ್ಡಿತ್ತು. “ಅದು ದೊಡ್ಡ ಗಾಡಿಗೆ,” ಎಂದು ಒಳಗೆ ನುಗ್ಗಿಸಿದ. ಕಲ್ಲುಹಾಸಿನ ಓಣಿ ಕಿರಿದಾಗುತ್ತ ಹೋಗಿ ಒಬ್ಬ ಅಜ್ಜಿಯ ಅಂಗಳದಲ್ಲಿ ಮುಗಿದೇ ಹೋಯಿತು. ಮುಂದೆ ಬರೀ ಮೆಟ್ಟಿಲು.

ರಿವರ್ಸ್ ಹಾಕಿದ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರು ಎಡಕ್ಕೆ ಸರಿಯಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಜೀವಮಾನವೆಲ್ಲ ಹಾಗೇ ತಿರುಗಿಸಿದ ಕೈ. ಈ ಕಾರಿಗೆ ಟ್ರೇಲರಿಲ್ಲವೆಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಕಾರು ಪ್ರತಿ ಸಲವೂ ಓಣಿಯ ಬಾಯಿ ಬಿಟ್ಟು ಗೋಡೆಯ ಕಡೆಗೇ ಹೊರಳುತ್ತಿತ್ತು.

ಹೆಂಡತಿ ಇಳಿದು ಹೋಗಿ, ಜಗಲಿಯ ಮೇಲೆ ಬಟಾಣಿ ಸುಲಿಯುತ್ತಿದ್ದ ಅಜ್ಜಿಯ ಪಕ್ಕ ಕೂತು ತಾನೂ ಸುಲಿಯತೊಡಗಿದಳು.

“ಯಾರಮ್ಮ ಅದು?”

“ನಮ್ಮನೆಯವರು.”

“ನಿಂಗೆ ಬರಲ್ವಾ ಓಡ್ಸೋಕೆ?”

“ಬರುತ್ತೆ ಅಜ್ಜಿ. ಅವರಾಗೇ ಕೇಳ್ಲಿ ಅಂತ ಕಾಯ್ತಿದೀನಿ.”

ಅಜ್ಜಿ ಕಾರಿನೊಳಗಿನ ಮುಖವನ್ನು ಒಂದು ಗಳಿಗೆ ನೋಡಿದಳು. “ಹಾಗಾದ್ರೆ ಇರು, ಇನ್ನೊಂದು ಬುಟ್ಟಿ ಬಟಾಣಿ ತರ್ತೀನಿ.”

ಪಕ್ಕದ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ನಾಲ್ಕಾರು ಗಂಡಸರು ಆಟ ಬಿಟ್ಟು ಬಂದರು. ಒಬ್ಬ ಎಡಕ್ಕೆಂದ, ಇನ್ನೊಬ್ಬ ಬಲಕ್ಕೆಂದ. ಗಂಡ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಹೇಳಿದ್ದು ಸಾಕು. ಹಿಂದಿನಿಂದ ಎತ್ತಿ ತಿರುಗಿಸಿಬಿಡಿ, ಪುಣ್ಯ ಬರುತ್ತೆ.”

“ಇಳಿಯಪ್ಪಾ ಮತ್ತೆ, ಹಗುರಾಗ್ಲಿ.”

“ಇಳಿಯೋ ಹಾಗಿಲ್ಲ. ಸ್ಟೇರಿಂಗ್ ಬಿಡೋ ಹಾಗಿಲ್ಲ.”

ಬೈಯುತ್ತಲೇ ಕಾರನ್ನು ಎತ್ತಿ ತಿರುಗಿಸಿದರು. ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಪಲ್ಲಕ್ಕಿಯೊಳಗಿನ ರಾಜನ ಹಾಗೆ ಗಂಭೀರವಾಗಿ ಕೂತು ಓಣಿಯ ಕಡೆ ಮುಖ ಮಾಡಿದ.

ಆಮೇಲೆ ಕೋಟೆ ನೋಡಿದರು. ಯಾವ ಕಲ್ಲು ಯಾವ ಕಾಲದ್ದೆಂದು ಇಬ್ಬರ ತಲೆಗೂ ಹೋಗಲಿಲ್ಲ.

“ಗೆದ್ದೆ,” ಎಂದ ಇಳಿಜಾರಿನಲ್ಲಿ. “ಸ್ಟೇರಿಂಗ್ ನನ್ನ ಕೈಯಲ್ಲೇ ಇತ್ತು.”

“ಚಕ್ರ ಗಾಳಿಯಲ್ಲಿತ್ತಲ್ರೀ. ಅದಕ್ಕೆ ಓಡ್ಸೋದು ಅನ್ನಲ್ಲ, ಹೊತ್ಕೊಂಡು ಹೋದ್ರು ಅಂತಾರೆ.”

“ಪಂದ್ಯ ಸ್ಟೇರಿಂಗಿಂದು ಕಣೇ.”

“ನಾನೇ ಓಡಿಸ್ತೀನಿ ಅಂದವರು ಯಾರು?”

ಕಾರು ವಾಪಸು ಕೊಟ್ಟರೂ, ಊಟಕ್ಕೆ ಕೂತರೂ ಇತ್ಯರ್ಥವಾಗಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಹಸು ಕೂಗಿತು. ಅವನು ಗೊರಕೆ ಹೊಡೆದ. ಎಂದೂ ಗೊರಕೆ ಹೊಡೆಯದ ಅವಳು ಅವನಿಗಿಂತ ಜೋರಾಗಿ ಹೊಡೆದಳು. ಹಸು ಮತ್ತೆ ಕೂಗಿತು. ಕಂಬಳಿಯೊಳಗೆ ಯಾರೂ ಅಲುಗಲಿಲ್ಲ.