ಬುಧವಾರದ ಮಾತು

ಮೈಕು ಕುಂಯ್ ಅಂತು, ಪಾಸ್ಟರು ಅದರ ತಲೆ ಮೇಲೆ ಎರಡು ತಟ್ಟಿ, ದೇವರು ನನ್ನ ಸಂಗಡ ಮಾತಾಡಿದ್ದಾರೆ ಪ್ರಿಯರೇ, ನಮ್ಮ ತನುಜ ಮಗಳನ್ನ ನಮ್ಮ ಮುರಳಿಮೋಹನ್‌ಗೆ ಅಂತ ದೇವರೇ ನೇಮಿಸಿದ್ದಾರೆ, ಆಮೆನ್ ಹೇಳಿ — ಹೇಳ್ತಾರೆ ಜನ, ಯಾಕೆ ಹೇಳಲ್ಲ, ಗಂಡಸರ ಸಾಲಿಂದ ನನ್ನ ಯಜಮಾನ ವೆಂಕಟೇಶನ ದನಿಯೂ ಬಂತು, ಮೈಕಲ್ಲಿ ಯಾರು ಏನಂದ್ರೂ ಆಮೆನ್ ಅನ್ನೋ ಮನುಷ್ಯ, ಬಸ್ ಸ್ಟ್ಯಾಂಡಲ್ಲಿ ಗೌರಿಬಿದನೂರು ಗಾಡಿ ಕೂಗಿದ್ರೂ ಅಂತಾನೆ, ಆದ್ರೆ ಇದು ನಿನ್ನ ಮಗಳಪ್ಪ — ಮಗಳು ನನ್ನ ಪಕ್ಕದಲ್ಲೇ ಚಾಪೆ ಮೇಲವ್ಳೆ, ಮುಸುಕು ಮುಂದಕ್ಕೆ ಎಳ್ಕೊಂಡವ್ಳೆ, ತುಟಿ ಕಾಣಲ್ಲ, ಆಮೆನ್ ಅಂದಳಾ, ಅನ್ನಲಿಲ್ವಾ — ಮೊನ್ನೆ ಬುಧವಾರ ಇದೇ ಪಾಸ್ಟರು ನಮ್ಮನೇಲಿ ಕಾಫಿ ಕುಡೀತಾ ಕೇಳಿದ್ರು, ಮುರಳಿಮೋಹನ ನಮ್ಮಕ್ಕನ ಮಗ ಕಣಮ್ಮ ಕಲ್ಯಾಣಿ, ಸಭೇಲಿ ಕೀಬೋರ್ಡ್ ನುಡಿಸ್ತಾನೆ, ಏನಂತೀಯ, ಅವತ್ತು ದೇವರು ಮಾತಾಡಿರಲಿಲ್ಲ, ಅವರಕ್ಕ ಮಾತಾಡಿದ್ದಳು ಅಷ್ಟೆ, ತನುಜ ಒಳಗಿಂದ್ಲೇ ಬೇಡ ಅಂದ್ಲು, ನರ್ಸಿಂಗ್ ಇನ್ನೂ ಎರಡು ವರ್ಷ ಐತಮ್ಮ, ದಿನಾ ಚಿಕ್ಕಬಳ್ಳಾಪುರಕ್ಕೆ ಬಸ್ಸಲ್ಲಿ ನಿಂತ್ಕೊಂಡು ಹೋಗೋದು ಕೀಬೋರ್ಡ್ ಒರೆಸೋಕಾ, ನಾನೂ ಬೇಡ ಪಾಸ್ಟರೇ ಅಂದೆ, ಆಯ್ತು ಬಿಡಮ್ಮ ಅಂದ್ರು, ಇನ್ನೊಂದು ಲೋಟ ಕಾಫೀನೂ ಕುಡಿದ್ರು, ಬುಧವಾರ ಅವರ ಬಾಯಲ್ಲಿದ್ದ ಮಾತು ಭಾನುವಾರದೊಳಗೆ ದೇವರ ಬಾಯಿಗೆ ಹೋಗಿಬಿಡ್ತಾ.

ಎರಡನೇ ಆಮೆನ್, ಈ ಸಭೇಲಿ ಮೂರಾದ್ರೆ ಮುಗೀತು, ಮುಂದಿನ ವಾರ ನಿಶ್ಚಿತಾರ್ಥ — ಈ ಪಕ್ಕ ಕೂತಿರೋ ನೆರೆಮನೆ ಕವಿತ ಮೊಣಕೈಲಿ ತಿವೀತಾಳೆ, ಅನ್ನಕ್ಕ, ದೇವರ ಚಿತ್ತ, ಬೇಡ ಅಂದ್ರೆ ಶಾಪ ತಟ್ತದೆ — ನಮ್ಮತ್ತೆ ಗಂಗುಲಮ್ಮ ಇರಬೇಕಿತ್ತು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋ ಕಡೆ ಅವಳೂ ನಾನೂ ಅಕ್ಕಪಕ್ಕ, ಕುದಿಯೋ ನೀರಲ್ಲಿ ಗೂಡು ತಿರುವೋ ಕೆಲಸ, ನೀರು ಸಿಡಿದು ನಾನು ಯೇಸಪ್ಪಾ ಅಂದ್ರೆ ಗದರೋಳು, ಅಮ್ಮಾ ಅನ್ನೇ, ನಿಮ್ಮತ್ತೇನ ಬೈಯ್ಯೇ, ಆಯನ ಪೇರು, ಆತನ ಹೆಸರು ಮಾತ್ರ ಹಂಗೆ ಎತ್ಬೇಡ, ಎತ್ತೋದಾದ್ರೆ ಕೈ ಒರೆಸ್ಕೊಂಡು ಎತ್ತು — ಓದು ಬರಲ್ಲ ಅವಳಿಗೆ, ದೇವರು ನಂಗಿಂಥಾದ್ದು ಹೇಳಿದ ಅಂತ ಸಾಯೋವರೆಗೂ ಒಂದು ಮಾತು ಆಡಲಿಲ್ಲ, ನಾನು ಆತನಿಗೆ ಹೇಳಿದೆ ಅನ್ನೋಳು, ಆತ ಕೇಳಿಸ್ಕೊಂಡಿರಬೇಕು ಅನ್ನೋಳು, ಇರಬೇಕು — ಆ ಇರಬೇಕು ಅನ್ನೋದರಲ್ಲಿ ಎಷ್ಟು ಭಯಭಕ್ತಿ ಇತ್ತು, ಇಲ್ಲಿ ನೋಡಿದ್ರೆ ಅಕ್ಕನ ಮಗನ ಸಂಬಂಧಕ್ಕೆ ಆತನನ್ನೇ ದಲ್ಲಾಳಿ ಮಾಡಿ ಕೂರಿಸವ್ರೆ, ಶಾಪ ತಟ್ಟೋದಾದ್ರೆ ಯಾರಿಗೆ ತಟ್ಟಬೇಕು ಕವಿತ — ಮಗಳ ಕಡೆ ನೋಡ್ತೀನಿ, ಮುಸುಕು, ತುಟಿ ಕಾಣಲ್ಲ, ಹೆದರ್ಕೊಂಡು ಅಂದುಬಿಟ್ಟಳಾ, ಅಂದುಬಿಟ್ರೆ ನಾನೊಬ್ಬಳು ಎದ್ದು ಏನು ಮಾಡ್ಲಿ.

ಈಗ ತಾಯಿ ಆಮೆನ್ ಹೇಳಲಿ, ಕಲ್ಯಾಣಮ್ಮ — ಎದ್ದೆ, ಮಂಡಿ ಚಟ್ ಅಂತು, ಜೋಮು ಹಿಡಿದ ಕಾಲು, ಸಭೆಯಿಂದ ಹೊರಗೆ ಹಾಕ್ತಾರೆ, ನಾಳೆ ನಮ್ಮನೆ ಸಾವಿಗೂ ಯಾರೂ ಪ್ರಾರ್ಥನೆಗೆ ಬರಲ್ಲ, ಬರದೆ ಹೋಗ್ಲಿ — ಪಾಸ್ಟರೇ, ಬುಧವಾರ ನೀವು ಕೇಳಿದ್ರಿ, ನಾವು ಬೇಡ ಅಂದ್ವಿ, ನಿಮ್ಮ ಮಾತು ನಿಮ್ಮ ಹೆಸರಲ್ಲೇ ಇರ್ಲಿ, ಆತನ ಹೆಸರು ತರಬೇಡಿ — ಇದು ನನ್ನ ದನೀನಾ, ಮೈಕಿಲ್ಲದೆ ಇಷ್ಟು ದೂರ ಹೋಯ್ತಾ, ಕೀಬೋರ್ಡು ನಿಂತೋಯ್ತು, ಕವಿತ ಬಾಯಿ ಬಿಟ್ಕೊಂಡವ್ಳೆ, ವೆಂಕಟೇಶ ಬಿಟ್ಕೊಂಡವ್ನೆ, ಪಾಸ್ಟರೂನೂ, ಇಷ್ಟೊಂದು ತೆರೆದ ಬಾಯಿ, ಮುಸುಕು ಜಾರಿದ ನನ್ನ ಮಗಳೊಬ್ಬಳದು ಮುಚ್ಚೈತೆ, ಒಣಗಿದ ತುಟಿ, ಒಂದಕ್ಕೊಂದು ಅಂಟ್ಕೊಂಡೈತೆ, ಮೊದಲಿಂದ್ಲೂ ತೆರೆದೇ ಇಲ್ಲ, ಒಂದು ಆಮೆನ್‌ಗೂ ತೆರೆದಿಲ್ಲ, ತುಟಿ, ಬಿಗಿಯಾಗಿ, ಮುಚ್ಚಿದ ತುಟಿ —