ಕೊಯ್ದವರೇ ಮೊದಲು ತಿನ್ನಬೇಕು

ನನ್ನ ಅಕ್ಕನಿಗೆ ಮೈಮೇಲೆ ಎಚ್ಚರ ಇರಲಿಲ್ಲ ಎಂದು ಈ ಬೀದಿಯವರು ಆಡಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಕ್ಕ, ಭಾವ ನಡೆಸುತ್ತಿದ್ದ ಪುಟ್ಟ ಹೋಟೆಲಿನಲ್ಲಿ ಚಳಿ ಕಳೆಯುತ್ತಿದ್ದಂತೆ ಕಾಡುಬೆಳ್ಳುಳ್ಳಿಯ ಸೂಪಿಗೆ ಜನ ಮುಗಿಬೀಳುತ್ತಿದ್ದರು. ತೇವದ ಕಾಡಿನ ನೆರಳಲ್ಲಿ ಏಳುವ ಗಿಡ ಅದು. ಎಲೆಯನ್ನೂ ತಿನ್ನಬಹುದು, ಬಿಳಿ ಹೂವನ್ನೂ ತಿನ್ನಬಹುದು. ಪಕ್ಕದಲ್ಲೇ ಗಂಟೆಹೂವಿನ ಗಿಡವೂ ಏಳುತ್ತದೆ. ಅದು ವಿಷ. ಹೂ ಬಿಟ್ಟಮೇಲೆ ಮಗುವೂ ಗುರುತಿಸೀತು. ಅದಕ್ಕೆ ಮೊದಲು ಎರಡರ ಎಲೆಯೂ ಒಂದೇ ಥರ, ಹರಿದು ಮೂಸುವುದೊಂದೇ ದಾರಿ; ಬೆಳ್ಳುಳ್ಳಿ ವಾಸನೆ ಬಂದರೆ ತಿನ್ನುವಂಥದು.

ಅಕ್ಕ ಹೂ ಬಿಡುವವರೆಗೆ ಬುಟ್ಟಿಯನ್ನೇ ಮುಟ್ಟುತ್ತಿರಲಿಲ್ಲ. ಕೊಯ್ದವರೇ ಮೊದಲು ತಿಂದು, ಒಂದು ಹೊತ್ತು ಕಳೆದ ಮೇಲೆ ಉಳಿದವರಿಗೆ ಬಡಿಸಬೇಕೆಂಬ ಕಟ್ಟುಪಾಡೂ ಅವಳದೇ. ಹೋದ ವರ್ಷ ಜ್ವರದಿಂದ ಎದ್ದ ಭಾವ, "ಬಾಯಿ ಕೆಟ್ಟುಹೋಗಿದೆ ಕಣೇ, ಒಂದು ಬಟ್ಟಲು ಸೂಪ್ ಮಾಡ್ಕೊಡು" ಅಂದರು. ಹೂ ಇನ್ನೂ ಬಿಟ್ಟಿರಲಿಲ್ಲ. ಗಂಡನ ಮೇಲಿನ ಅಕ್ಕರೆಗೆ ಅಕ್ಕ ಹೋಗಿ ಕೊಯ್ದು ತಂದಳು, ಕಟ್ಟುಪಾಡಿನಂತೆ ತಾನೇ ಮೊದಲು ಕುಡಿದಳು. ಭಾವ ತಮ್ಮ ಸರದಿಗೆ ಕಾಯುತ್ತ ಕೂತಿದ್ದರು. ಸರದಿ ಬರುವ ಮೊದಲೇ ಅಕ್ಕ ಹೋಗಿಬಿಟ್ಟಳು.

ಅಂದಿನಿಂದ ಭಾವನದು ಒಂದೇ ರಾಗ. "ಅವಳು ಮೂಸಿ ನೋಡಲಿಲ್ವಾ?"

ಈ ಸಲ ಹೂ ಬಿಡುವ ಮುಂಚೆಯೇ ಅವರು ಬುಟ್ಟಿ ಹಿಡಿದು ಕಾಡಿಗೆ ಹೋದರೆಂದು ಕೇಳಿ ನನ್ನ ಜೀವ ಬಾಯಿಗೆ ಬಂತು. ಓಡಿಹೋದೆ. ಹೋಟೆಲಿನ ಅಡುಗೆಕಟ್ಟೆಯ ಮೇಲೆ ಬುಟ್ಟಿ ತುಂಬ ಎಲೆ ಇತ್ತು.

"ಸಾಯೋಕೆ ಹೊರಟಿದೀರಾ ಭಾವ? ನಿಮ್ಮ ತಲೆ ನೆಟ್ಟಗಿದೆಯಾ?"

"ಇಲ್ಲಮ್ಮ, ತಿನ್ನಲ್ಲ." ಬೇರು ಸಮೇತ ಕಿತ್ತ ಒಂದು ಗಿಡ ಎತ್ತಿ ತೋರಿಸಿದರು. "ಕಾಡುಬೆಳ್ಳುಳ್ಳಿಗಿರೋ ಗಡ್ಡೆ ಇದಕ್ಕಿಲ್ಲ ನೋಡು, ಇದು ಗಂಟೆಹೂವಿಂದು. ಬೇಕಂತಲೇ ತಂದೆ. ಎಲೆ ಹರಿದು ಮೂಸಿದೆ. ಬೆಳ್ಳುಳ್ಳಿ ವಾಸನೇನೇ ಬಂತು."

ಅದೇ ಗಿಡದ ಇನ್ನೊಂದು ಎಲೆಯನ್ನು ನಾನು ಹರಿದೆ. ಬರೀ ಹುಲ್ಲಿನ ವಾಸನೆ. ಭಾವ ತಮ್ಮ ಬೆರಳುಗಳನ್ನು ನನ್ನ ಮೂಗಿನ ಹತ್ತಿರ ತಂದರು. ಗಪ್ಪೆಂದು ಬೆಳ್ಳುಳ್ಳಿ ಹೊಡೆಯಿತು.

"ಬೆಳಗಿಂದ ಕಾಡುಬೆಳ್ಳುಳ್ಳಿ ಕೊಯ್ದ ಕೈ ಇದು. ಈ ಕೈಲಿ ಯಾವ ಎಲೆ ಹಿಡಿದ್ರೂ ಅದೇ ವಾಸನೆ. ಅವಳು ಒಂದೊಂದನ್ನೂ ಮೂಸೇ ತಂದಿದಾಳೆ."

ಈಗಲೇ ಬೀದಿಗೆ ಹೋಗಿ, ಆಡಿಕೊಂಡವರ ಬಾಯಿ ಮುಚ್ಚಿಸಿ ಬರುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡೆ. ಭಾವ ಅಲ್ಲೇ ನೆಲದ ಮೇಲೆ ಕೂತರು.

"ಅವಳದೇ ತಪ್ಪು ಅಂತಿದ್ದಿದ್ರೆ, ಅವಳನ್ನ ಬೈಕೊಂಡಾದ್ರೂ ಬದುಕ್ತಿದ್ದೆ ಕಣಮ್ಮ. ಈಗ ಉಳಿದಿರೋದು ನಾನು ಸೂಪ್ ಕೇಳಿದ್ದೊಂದೇ."