ಸಬೋಹತ್ ಅಜ್ಜಿ ತಂದ ಕೆಂಪು ಕಲ್ಲುಗಳು

ಚಳಿಗಾಲ ಕಳೆಯಿತೆಂದರೆ ನಮ್ಮ ಕಣಿವೆಯಲ್ಲಿ ಎಲ್ಲರ ಮನೆಯ ತಂದೂರ್ ಒಲೆಯೂ ಬಿರುಕು ಬಿಡುತ್ತದೆ. ಈ ವರ್ಷ ಸಬೋಹತ್ ಅಜ್ಜಿ ತಮ್ಮ ಒಲೆಯ ಬುಡವನ್ನೇ ಹೊಸದಾಗಿ ಕಟ್ಟಿದರು. ಬಣ್ಣ ಬಳಿದ ಚಪ್ಪಟೆ ಕಲ್ಲುಗಳು, ಒಂದು ಬದಿ ಕೆಂಪು, ಇನ್ನೊಂದು ಬದಿ ಬಿಳಿ. ನೋಡಲು ಚೆಂದ.

ಬಿಸಿ ರೊಟ್ಟಿಗೆಂದು ಬಂದ ಊರಿನ ನರ್ಸ್ ಜುಲೇಖಾ, ಕಲ್ಲು ಎಲ್ಲಿಯದೆಂದು ಕೇಳಿದಳು. ಮೇಲಿನ ಇಳಿಜಾರಿನ ಅಂಚಿನಲ್ಲಿ ಸಾಲಾಗಿ ಬಿದ್ದಿದ್ದವು, ಯಾರಿಗೂ ಬೇಕಿರಲಿಲ್ಲ ಎಂದರು ಅಜ್ಜಿ.

"ಅಜ್ಜೀ, ಅದು ನೆಲಬಾಂಬ್ ತೆಗೆಯೋರು ಇಟ್ಟ ಗುರುತು. ಬಿಳಿ ಮುಖ ಇರೋ ಕಡೆ ಓಡಾಡಬಹುದು, ಕೆಂಪು ಮುಖ ಇರೋ ಕಡೆ ಕಾಲಿಡಬಾರದು."

"ಯುದ್ಧ ಮುಗಿದು ನನ್ನ ಹಲ್ಲೆಲ್ಲ ಉದುರೋವಷ್ಟು ವರ್ಷ ಆಯ್ತು ಕಣೇ. ನಮ್ಮ ಆಡು ದಿನಾ ಅಲ್ಲೇ ಮೇಯುತ್ತೆ. ಅದಕ್ಕೇನಾಗಿದೆ?"

ಆಡು ಬದುಕಿದೆಯೆಂದು ಜಾಗವನ್ನು ನಂಬುವಂತಿಲ್ಲ, ಹಿಮ ಕರಗಿದ ನೀರು ಹೂತ ಬಾಂಬನ್ನೂ ಕೊಚ್ಚಿ ತರುತ್ತದೆ ಎಂದು ಜುಲೇಖಾ ಬಿಡಿಸಿ ಹೇಳಿದಳು. ಕೇಳುತ್ತಾ ಕೇಳುತ್ತಾ ಅಜ್ಜಿಯ ನಗು ನಿಂತಿತು. ಸೊಸೆ ಮೊಹ್ರುಖ್ ರವೋಚ್ ಗಿಡದ ಹುಳಿ ದಂಟು ಕೀಳಲು ಅದೇ ಇಳಿಜಾರಿಗೆ ಹೋಗಿದ್ದಳು. ಕಳಿಸಿದ್ದು ಅಜ್ಜಿಯೇ.

ಇಬ್ಬರೂ ಓಡಿದರು. ಮೊಹ್ರುಖ್ ಇಳಿಜಾರಿನ ನಡುವೆ ಬಗ್ಗಿ ದಂಟು ಕೀಳುತ್ತಿದ್ದಳು. ಒಳಗೆ ನುಗ್ಗಲು ಹೊರಟ ಅಜ್ಜಿಯನ್ನು ಜುಲೇಖಾ ತಬ್ಬಿ ಹಿಡಿದಳು. ನೀವೂ ಹೋದರೆ ಇಬ್ಬರನ್ನೂ ಕಳೆದುಕೊಳ್ಳುತ್ತೇವೆ, ಇಲ್ಲಿಂದಲೇ ಮಾತಾಡಿ ಎಂದು ಹೇಳಿ, ಬಾಂಬ್ ತೆಗೆಯುವವರಿಗೆ ಫೋನ್ ಮಾಡಿದಳು.

"ಮೊಹ್ರುಖ್, ನಿಂತಲ್ಲೇ ನಿಲ್ಲು ನನ್ ತಾಯಿ. ಅಲ್ಲಿ ಬಾಂಬ್ ಇದೆ. ಒಂದು ಹೆಜ್ಜೆನೂ ಇಡಬೇಡ," ಎಂದು ಅಜ್ಜಿ ಕೂಗಿದರು.

ಸೊಸೆ ನಿಂತಲ್ಲಿಂದಲೇ ತಲೆಯೆತ್ತಿ ಕೂಗಿದಳು. "ಬೇಗ ಬಾ, ಬೇಗ ಬಾ ಅಂತ ಕಳಿಸಿದೋರು ನೀವೇ ಅಲ್ವಾ, ಅತ್ತೆ?"

"ನಾನು ದಡ್ಡಿ. ಗುರುತಿನ ಕಲ್ಲು ಕಿತ್ತವಳೂ ನಾನೇ. ಇವತ್ತೊಂದಿನ ಸೋಮಾರಿ ಆಗು, ಬಂಗಾರ."

ಬಾಂಬ್ ತೆಗೆಯುವವರು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಲ್ಲಿಯವರೆಗೂ ಅಜ್ಜಿ ಅಂಚಿನಲ್ಲೇ ನಿಂತು, ಮದುವೆಯಾದ ಹೊಸತರಲ್ಲಿ ಸೊಸೆ ಸುಟ್ಟು ಕರಕಲು ಮಾಡಿದ ರೊಟ್ಟಿಗಳ ಕಥೆಯನ್ನೆಲ್ಲ ಹೇಳಿ ಅವಳನ್ನು ನಗಿಸುತ್ತಿದ್ದರು. ಬಂದವರು ಉಪಕರಣದಿಂದ ನೆಲ ತಡಕುತ್ತಾ ಅವಳ ಬಳಿಗೆ ಹೋದರು. ಅವಳಿಂದ ಸ್ವಲ್ಪ ಕೆಳಗೆ ಒಂದು ಬಾಂಬ್ ಸಿಕ್ಕಿತು, ಎಲೆಯ ಬಣ್ಣದ್ದು, ಅಂಗೈಯಷ್ಟು.

ಅವರು ಪರೀಕ್ಷಿಸಿದ ದಾರಿಯಲ್ಲೇ ಮೊಹ್ರುಖ್ ಹೊರಗೆ ಬಂದಾಗ ಅಜ್ಜಿ ನೆಲದ ಮೇಲೆ ಕುಳಿತು ಅವಳ ಎರಡೂ ಪಾದಗಳನ್ನು ಹಿಡಿದುಕೊಂಡರು. ಅವಳು ಬಿಡಿಸಿಕೊಳ್ಳಲಿಲ್ಲ.

ಅಕ್ಕಂದಿರೇ, ಬಣ್ಣ ಬಳಿದ ಕಲ್ಲು ಒಲೆಗೆ ಎಷ್ಟೇ ಹೊಂದುವಂತಿದ್ದರೂ ಮುಟ್ಟಬೇಡಿ. ಈಗಾಗಲೇ ತಂದಿದ್ದರೆ ವಾಪಸ್ ಇಡಲು ಹೋಗಬೇಡಿ, ನರ್ಸ್‌ಗೆ ತಿಳಿಸಿ. ಯಾರೂ ಬೈಯುವುದಿಲ್ಲ. ನಿಮ್ಮವರು ಯಾರಾದರೂ ಅಂಥ ಜಾಗದಲ್ಲಿ ಸಿಕ್ಕಿಕೊಂಡರೆ ಓಡಿ ಹೋಗಬೇಡಿ, ಅವರನ್ನೂ ಅಲುಗಾಡಲು ಬಿಡಬೇಡಿ. ಸಹಾಯ ಬರುವವರೆಗೆ ಹೊರಗೇ ನಿಂತು, ಅವರ ಜೊತೆ ಮಾತಾಡುತ್ತಲೇ ಇರಿ.